ಮುಚ್ಚಳದೊಳಗಿನ ಎಲೆ

ಹಳೆಯ ಗ್ಯಾಸ್ ಬಾರ್ಬೆಕ್ಯೂ ಕೈಗೆ ಸಿಕ್ಕರೆ ನಾನು ಮೊದಲು ಅದರ ಮುಚ್ಚಳ ಬಿಚ್ಚಿ ತಲೆಕೆಳಗಾಗಿ ಇಡುತ್ತೇನೆ. ಮುಂದಿನ ಫಲಕದಲ್ಲಿ ಯಾವ ಕಂಪನಿಯ ಹೆಸರಿದೆ ಎಂಬುದನ್ನು ಆಮೇಲೆ ನೋಡಿದರಾಯಿತು. ಫಲಕವನ್ನು ಯಾರು ಬೇಕಾದರೂ ಕಿತ್ತು ಇನ್ನೊಂದಕ್ಕೆ ಹಚ್ಚಬಹುದು. ಒಳಮೈ ಹಾಗಲ್ಲ. ಎರಕ ಹೊಯ್ದಾಗ ಅಚ್ಚಿನ ಮರಳು ಎಷ್ಟು ನುಣುಪಾಗಿತ್ತು, ಕೀಲು ಎಲ್ಲಿ ಕೂತಿದೆ, ಬರ್ನರ್ ಹಿಡಿದುಕೊಳ್ಳುವ ಗೂಟಗಳು ಎಷ್ಟು ದಪ್ಪ, ಈಗಿನ ಬಣ್ಣದ ಕೆಳಗೆ ಮೊದಲಿನ ಬಣ್ಣ ಯಾವುದು, ಇವನ್ನೆಲ್ಲ ನೋಡಿದರೆ ಅದು ಯಾವ ಕಾಲದ್ದು, ಯಾವ ಊರಿನ ಕಾರ್ಖಾನೆಯದು ಎಂದು ಹೆಚ್ಚುಕಡಿಮೆ ಹೇಳಬಹುದು. ಇದನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಕಲಿತೆ. ಕಲಿತದ್ದನ್ನು ಒಬ್ಬನಿಗೆ ಮಾತ್ರ ಪೂರ್ತಿಯಾಗಿ ಹೇಳಿಕೊಟ್ಟೆ. ಅವನ ವಿಷಯವನ್ನೇ ಈಗ ಬರೆಯಬೇಕಾಗಿದೆ.

ನಾವು ಧಾರವಾಡದವರು. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಇಂಥ ಮನೆಯ ಹೆಂಗಸೊಬ್ಬಳು ಬಾರ್ಬೆಕ್ಯೂ ರಿಪೇರಿ ಮಾಡುತ್ತಾಳೆ ಎಂದರೆ ನಮ್ಮವರೆಲ್ಲ ನಗುತ್ತಿದ್ದರು, ಈಗಲೂ ನಗುತ್ತಾರೆ. ಶುರುವಾದದ್ದು ರೊಟ್ಟಿಯಿಂದ. ಕೌನ್ಸಿಲಿನವರು ಹಳೆಯ ಸಾಮಾನು ಒಯ್ಯಲು ಬರುವ ವಾರ ನಮ್ಮ ಬೀದಿಯವರೆಲ್ಲ ಮನೆಯ ಮುಂದೆ ಮಂಚ, ಸೋಫಾ, ಮುರಿದ ಸೈಕಲ್ ತಂದಿಡುತ್ತಾರೆ. ಹಾಗೆ ಯಾರೋ ಇಟ್ಟ ರಾಶಿಯಲ್ಲಿ ಒಂದು ತುಕ್ಕು ಹಿಡಿದ ಗ್ಯಾಸ್ ಬಾರ್ಬೆಕ್ಯೂ ಇತ್ತು. ಅದರ ಮೇಲಿನ ದಪ್ಪ ಬೀಡುಕಬ್ಬಿಣದ ಹಾಟ್‌ಪ್ಲೇಟ್ ನೋಡಿದ ಕೂಡಲೇ ನನಗೆ ಕಂಡದ್ದು ಅವ್ವನ ರೊಟ್ಟಿ ಹಂಚು. ಎಳೆದುಕೊಂಡು ಮನೆಗೆ ತಂದೆ. ನನ್ನ ಗಂಡ ಬಾಗಿಲಲ್ಲಿ ನಿಂತು, "ಮಂದಿ ಒಗದ ಸಾಮಾನು ಮನಿಯಾಗ ತರ್ತಿ?" ಎಂದರು. ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. "ಸೋ ಎಂಬರಾಸಿಂಗ್, ಅಮ್ಮಾ" ಎಂದು ಒಳಗೆ ಓಡಿದಳು.

ಹುಬ್ಬಳ್ಳಿಯ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಹೇಳುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ತುಕ್ಕು ಎಂದರೇನು, ಜಿಡ್ಡು ಯಾವುದಕ್ಕೆ ಕರಗುತ್ತದೆ ಎಂಬುದು ಗೊತ್ತಿತ್ತು. ಗೊತ್ತಿಲ್ಲದ್ದು ಸಿಕ್ಕಾಪಟ್ಟೆ ಇತ್ತು. ಬರ್ನರಿನ ಕೊಳವೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದರೆ ಗ್ಯಾಸು ಹಿಂದಕ್ಕೆ ಸರಿದು, ಉರಿ ಹೆಚ್ಚುಕಡಿಮೆ ಮಾಡಲು ತಿರುಗಿಸುವ ಗುಬ್ಬಿಯ ಹತ್ತಿರವೇ ಬೆಂಕಿ ಹೊತ್ತಿಕೊಳ್ಳುತ್ತದೆ ಎಂದು ಹುಬ್ಬು ಸುಟ್ಟುಕೊಂಡ ಮೇಲೆ ತಿಳಿಯಿತು. ಹಳೆಯ ಸಿಲಿಂಡರಿನ ನಟ್ಟನ್ನು ಉಲ್ಟಾ ತಿರುಗಿಸಬೇಕು ಎಂದು ತಿಳಿಯುವಷ್ಟರಲ್ಲಿ ಅಂಗೈ ಸುಲಿದಿತ್ತು. ಕೊನೆಗೆ ಒಂದು ಭಾನುವಾರ ಸೋಪಿನ ನೀರು ಹಚ್ಚಿ ಗ್ಯಾಸು ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹಾಟ್‌ಪ್ಲೇಟಿಗೆ ಎಣ್ಣೆ ಕುಡಿಸಿ, ಅರ್ಧ ಉಳ್ಳಾಗಡ್ಡಿಯಿಂದ ತಿಕ್ಕಿ ಪಳಗಿಸಿ, ಜೋಳದ ರೊಟ್ಟಿ ಹಾಕಿದೆ. ಉಬ್ಬಿತು. ಎಂಬರಾಸ್ ಆದವಳು ಬಿಸಿಯಾಗಿಯೇ ಕಿತ್ತುಕೊಂಡು ತಿಂದಳು.

ಆಮೇಲೆ ನಿಲ್ಲಿಸಲು ಆಗಲಿಲ್ಲ. ಹಳೆಯ ಬಾರ್ಬೆಕ್ಯೂ ಹುಚ್ಚಿನವರ ಆನ್‌ಲೈನ್ ಗುಂಪೊಂದರಲ್ಲಿ ಆ ರೊಟ್ಟಿಯ ಫೋಟೋ ಹಾಕಿದ್ದೆ. ಇಲ್ಲಿಯವರು ಅದು ಯಾವ ಬಗೆಯ ಬ್ರೆಡ್ ಎಂದು ಕೇಳುತ್ತಿದ್ದಾಗ ಒಬ್ಬನು ಕನ್ನಡದಲ್ಲೇ ಬರೆದ: "ಅಕ್ಕಾರ, ಇದರ ಜೋಡಿ ಎಣಗಾಯಿ ಎಲ್ಲೈತ್ರಿ?"

ಬೆಳಗಾವಿ ಕಡೆಯ ಹುಡುಗ. ಆಗಿನ್ನೂ ಓದು ಮುಗಿಸಿ ಪಿಆರ್‌ಗಾಗಿ, ಇಲ್ಲೇ ಕಾಯಂ ನೆಲೆಸುವ ಪರವಾನಗಿಗಾಗಿ ಕಾಯುತ್ತ, ನಮ್ಮ ಸಮೀಪದ ಟೂಂಗಾಬಿಯ ಒಂದು ಮನೆಯಲ್ಲಿ ಗೆಳೆಯರ ಜೊತೆ ರೂಮು ಹಂಚಿಕೊಂಡಿದ್ದ. ಆ ಮನೆಯ ಹಿತ್ತಲಿನಲ್ಲಿ ಬಿದ್ದಿದ್ದ ಬಾರ್ಬೆಕ್ಯೂ ಯಾವ ಕಾಲದ್ದು ಎಂದು ಕೇಳಲು ಗುಂಪು ಸೇರಿದ್ದನಂತೆ. ಮುಂದಿನ ಶನಿವಾರ ಅದನ್ನು ಯಾರದೋ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದ. ಮಧ್ಯಾಹ್ನದ ಊಟಕ್ಕೆ ನಿಂತ. ಊಟಕ್ಕೆ ನಿಲ್ಲುವುದು ರೂಢಿಯಾಯಿತು. ನನಗೆ ಒಡಹುಟ್ಟಿದ ತಮ್ಮನಿಲ್ಲ, ಇವನನ್ನೇ ತಮ್ಮ ಎಂದುಕೊಂಡೆ. ಅವನು "ಅಕ್ಕಾರ" ಎನ್ನುವಾಗ ದನಿಯಲ್ಲಿ ಒಂದು ಸಲಿಗೆಯಿತ್ತು, ಅಡಿಗೆಮನೆಗೆ ಬಂದು ತಾನೇ ತಟ್ಟೆ ತೆಗೆದುಕೊಳ್ಳುವ ಸಲಿಗೆ. ಪಿಆರ್ ಬಂದ ದಿನ ಪೇಢೆ ಹಿಡಿದುಕೊಂಡು ಮೊದಲು ನಮ್ಮ ಮನೆಗೇ ಬಂದ. ಮೆಲ್ಬರ್ನಿನಲ್ಲಿ ಐಟಿ ಕೆಲಸ ಸಿಕ್ಕು ಹೊರಟಾಗ ನಾನು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಟ್ಟೆ.

ಅಲ್ಲಿ ಹೋದ ಮೇಲೆ ಹುಚ್ಚು ಹೆಚ್ಚಾಯಿತು. ಮೆಲ್ಬರ್ನಿನ ಸುತ್ತ ಹಿಂದೆ ಎರಕದ ಕಾರ್ಖಾನೆಗಳು ಬಹಳ ಇದ್ದದ್ದರಿಂದ ಅವನಿಗೆ ಹಳೆಯ ಮಾಲು ಸಿಗುತ್ತಿತ್ತು. ಸಂಜೆ ಕೆಲಸ ಮುಗಿಸಿ ವೀಡಿಯೋ ಕಾಲ್ ಮಾಡುತ್ತಿದ್ದ. ನಾನು ಬೇಳೆ ಕುದಿಸುತ್ತ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನೋಡುತ್ತಿದ್ದೆ. "ಅಕ್ಕಾರ, ಈ ಸ್ಕ್ರೂ ನೋಡ್ರಿ. ಇದು ಮೊದಲಿಂದೋ, ಆಮ್ಯಾಲ ಹಾಕಿದ್ದೋ?" ನಾನು ಹೇಳುತ್ತಿದ್ದೆ: ಇಲ್ಲಿಯ ಒಂದು ದೊಡ್ಡ ಹಳೆಯ ಕಂಪನಿಯ ಮೊದಮೊದಲಿನವುಗಳಲ್ಲಿ ಒಂದೇ ಗೀಟಿನ ಸ್ಕ್ರೂ ಇರುತ್ತದೆ, ಪ್ಲಸ್ ಆಕಾರದ್ದು ಆಮೇಲೆ ಬಂತು. ಮೊದಲ ಬಣ್ಣ ಅಚ್ಚಗಪ್ಪಲ್ಲ, ಬಿಸಿಲಿಗೆ ಹಿಡಿದರೆ ಕಂದು ಹೊಳೆಯುತ್ತದೆ. ಗುಬ್ಬಿಯ ಹಿಂಭಾಗ ಪೊಳ್ಳಾಗಿರಬೇಕು. ನಕಲಿ ಹೇಗೆ ಪತ್ತೆ ಹಚ್ಚುವುದು ಎಂದು ಅವನು ಎಷ್ಟು ಕೇಳುತ್ತಿದ್ದನೋ ಅಷ್ಟು ಸಂತೋಷದಿಂದ ನಾನು ಹೇಳುತ್ತಿದ್ದೆ. ಇಷ್ಟು ಕಿವಿಗೊಟ್ಟು ನನ್ನ ಮಾತು ಕೇಳುವವರು ಬೇರೆ ಯಾರೂ ಇರಲಿಲ್ಲ.

ನಮ್ಮ ಬೀದಿಯ ತಿರುವಿನ ಮನೆಯಲ್ಲಿ ಒಬ್ಬ ಆಸ್ಟ್ರೇಲಿಯನ್ ಮುದುಕಿ ಇದ್ದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ನಾವು ಆಕೆಯನ್ನು ಅಜ್ಜಿ ಎಂದೇ ಅನ್ನುತ್ತಿದ್ದೆವು. ನಾನು ಗ್ಯಾರೇಜಿನ ಶಟರ್ ಎತ್ತಿ ಕೆಲಸ ಮಾಡುವುದನ್ನು ದಾರಿಯಲ್ಲಿ ಹೋಗುತ್ತ ನೋಡುತ್ತಿದ್ದಳು. ಒಂದು ದಿನ ನಿಂತು, "ನನ್ನ ಹತ್ತಿರವೂ ಒಂದಿದೆ, ನೋಡುತ್ತೀಯಾ?" ಎಂದಳು.

ಆಕೆಯ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಇದ್ದದ್ದು ನಾನು ಎಲ್ಲೂ ನೋಡದ ಆಕಾರ. ಅಲ್ಯೂಮಿನಿಯಂ ಎರಕದ ತೊಟ್ಟಿ, ಅದರ ಮೇಲೆ ಬುಟ್ಟಿಯಂಥ ಗುಂಡು ಮುಚ್ಚಳ. ಫಲಕವಿಲ್ಲ, ಫಲಕ ಕಿತ್ತ ತೂತುಗಳೂ ಇಲ್ಲ. ಬರ್ನರ್ ತುಕ್ಕು ತಿಂದು ಪುಡಿಯಾಗಿತ್ತು. ಯಾರು ಮಾಡಿದ್ದು ಎಂದು ಕೇಳಿದೆ.

"ನನ್ನ ಗಂಡ," ಎಂದಳು. "ಮೆಲ್ಬರ್ನಿನಲ್ಲಿ ಎರಕದ ಕೆಲಸದಲ್ಲಿದ್ದ. ಊಟದ ಬಿಡುವಿನಲ್ಲಿ ಹುಡುಗರೆಲ್ಲ ತಮಗೆ ಬೇಕಾದ್ದು ಹೊಯ್ದುಕೊಳ್ಳುತ್ತಿದ್ದರು. ಮಾಲೀಕ ಕಂಡರೂ ಕಾಣದ ಹಾಗೆ ಇರುತ್ತಿದ್ದ."

ಆಕೆ ಸ್ವಲ್ಪ ದಿನಗಳಲ್ಲಿ ಮೆಲ್ಬರ್ನಿಗೆ, ಮಗಳ ಮನೆಯ ಹತ್ತಿರದ ವೃದ್ಧಾಶ್ರಮಕ್ಕೆ ಹೋಗುವವಳಿದ್ದಳು. ಬಾರ್ಬೆಕ್ಯೂ ಮಗಳ ಮನೆಯ ವರಾಂಡಕ್ಕೆ ಹೋಗಬೇಕು, ಭಾನುವಾರ ತನ್ನನ್ನು ಅಲ್ಲಿಗೆ ಕರೆದೊಯ್ದಾಗ ಅದರ ಮೇಲೆ ಏನಾದರೂ ಬೇಯುತ್ತಿರಬೇಕು, ಇಷ್ಟೇ ಆಕೆಯ ಆಸೆ. ಸರಿಮಾಡಿ ಕೊಡುತ್ತೇನೆ ಎಂದೆ.

ಆ ಚಳಿಗಾಲವೆಲ್ಲ ಅದರದೇ ಕೆಲಸ. ಅಲ್ಯೂಮಿನಿಯಮನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದುವಂತಿಲ್ಲ, ಲೋಹವನ್ನೇ ತಿಂದುಹಾಕುತ್ತದೆ. ಸೋಪು, ಬಿಸಿನೀರು, ಹಳೆಯ ಟೂತ್‌ಬ್ರಷ್, ತಾಳ್ಮೆ. ಎಡಗಡೆಯ ಕೀಲಿನ ಕಿವಿ ಸೀಳಿತ್ತು. ಬ್ಲ್ಯಾಕ್‌ಟೌನ್‌ನಲ್ಲಿ ಬೆಸುಗೆ ಹಾಕಿಸಿಕೊಂಡು ಬಂದು ಉಬ್ಬಿದ್ದನ್ನು ನಾನೇ ಅರದಿಂದ ಉಜ್ಜಿದೆ. ಅರ ಜಾರಿ ಪಕ್ಕದಲ್ಲೊಂದು ಓರೆ ಗೀರು ಬಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ, ಬಿಟ್ಟೆ. ಮುಚ್ಚಳದ ಒಳಗೆ ಹಳೆಯ ಜಿಡ್ಡು, ಮಸಿ ಡಾಂಬರಿನ ಹಾಗೆ ಕೂತಿತ್ತು. ಅದನ್ನು ಪದರು ಪದರಾಗಿ ಬಿಡಿಸುತ್ತಿದ್ದಾಗ ಬ್ರಷ್ಷಿನ ಕೆಳಗೆ ಒಂದು ಗೆರೆ ಕಂಡಿತು. ಬಿರುಕು ಎಂದುಕೊಂಡು ಹೆದರಿದೆ. ಬಿರುಕಲ್ಲ, ನಡುನರ. ಅದರ ಆಚೆ ಈಚೆ ಸಣ್ಣ ನರಗಳು. ಒಂದು ಎಲೆ. ಕುಡುಗೋಲಿನಂತೆ ಬಾಗಿದ ನೀಲಗಿರಿ ಎಲೆ, ತುದಿಯನ್ನು ಹುಳ ಕಡಿದ ಜಾಗವೂ ಸೇರಿ, ಲೋಹದಲ್ಲಿ ಮೂಡಿತ್ತು.

ಕೈ ಒರೆಸಿಕೊಳ್ಳದೆ ಅಜ್ಜಿಯ ಮನೆಗೆ ಓಡಿದೆ. ಆಕೆಯನ್ನು ಗ್ಯಾರೇಜಿಗೆ ಕರೆತಂದು ತೋರಿಸಿದರೆ ಆಕೆ ಕುರ್ಚಿ ಬೇಕೆಂದಳು, ಕೂತಳು, ಎಲೆಯ ಮೇಲೆ ಬೆರಳಿಟ್ಟಳು.

"ನಮ್ಮ ಮೊದಲ ಮನೆಯ ಹಿತ್ತಲಲ್ಲಿ ಒಂದು ಮರವಿತ್ತು. ಅವನು ಕಡಿಯಬೇಕೆಂದ, ನಾನು ಬಿಡಲಿಲ್ಲ. ಭಾರೀ ಜಗಳ. ಮಾತೇ ಬಿಟ್ಟಿದ್ದೆವು. ಆಮೇಲೆ ಒಂದು ಸಂಜೆ ಈ ಮುಚ್ಚಳ ತಂದು ಅಡಿಗೆಮನೆ ಟೇಬಲ್ಲಿನ ಮೇಲೆ ಇಟ್ಟ. ಮರದ ಎಲೆಯನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿ ಅಚ್ಚಿನ ಮರಳಿಗೆ ಒತ್ತಿದ್ದ. ಕ್ಷಮೆ ಕೇಳುವುದು ಅವನಿಗೆ ಬರುತ್ತಿರಲಿಲ್ಲ, ಹಾಗಾಗಿ ಇದನ್ನು ಮಾಡಿದ." ಆಕೆ ನಕ್ಕಳು. "ಜಿಡ್ಡು ಹಿಡಿದು ಮುಚ್ಚಿಹೋಗಿತ್ತು. ಇದ್ದೇ ಇರುತ್ತದೆ ಎಂದು ಗೊತ್ತಿತ್ತು."

ಆ ಸಂಜೆ ತಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಎಲೆಯನ್ನು ತೋರಿಸಿದೆ. ಅವನು ಬಹಳ ಹೊತ್ತು ಮುಚ್ಚಳದ ಆಕಾರವನ್ನೇ ನೋಡಿದ. "ಅಕ್ಕಾರ, ಇದು ಆ ದೊಡ್ಡ ಕಂಪನಿಯವರ ಮೊದಲನೇ ಮಾಡೆಲ್ ಇದ್ದಂಗ ಐತಲ್ರಿ?" ಎಂದ. ಹೌದು, ಹೋಲಿಕೆ ಇದೆ, ಆ ಕಾಲದಲ್ಲಿ ಎಲ್ಲರೂ ಒಬ್ಬರದನ್ನು ನೋಡಿ ಇನ್ನೊಬ್ಬರು ಮಾಡುತ್ತಿದ್ದರು, ಆದರೆ ಇದು ಮನೆಗೆಂದು ಮಾಡಿಕೊಂಡದ್ದು ಎಂದೆ. ಬರ್ನರ್ ಮಾತ್ರ ಸಿಗುತ್ತಿಲ್ಲ ಎಂದು ಪೇಚಾಡಿದೆ.

"ನನ್ನ ಹಂತ್ಯಾಕ ಐತ್ರಿ, ಹೊಂದತೈತಿ. ನೀವ್ಯಾಕ ತಲಿ ಕೆಡಿಸ್ಕೊಳ್ತೀರಿ? ನಾನೇ ಬಂದು ಒಯ್ತೀನಿ. ಬರ್ನರ್ ಹಾಕಿ, ಅಜ್ಜಿ ಮಗಳ ಮನಿಗೆ ಮುಟ್ಟಸ್ತೀನಿ. ಅಲ್ಲೇ ಅಲ್ಲೇನ್ರಿ ಅವರೂ ಇರೂದು?"

ಹಿಂದೆ ಸಾಮಾನು ಹೇರುವ ಗೆಳೆಯನ ಯೂಟ್ ಗಾಡಿ ತೆಗೆದುಕೊಂಡು ಬಂದ. ಅಜ್ಜಿ ಅವನ ಕೈಕುಲುಕಿದಳು. ನಾನು ಮುಚ್ಚಳವನ್ನು ನಮ್ಮ ಹಳೆಯ ಕೌದಿಯಲ್ಲಿ ಸುತ್ತಿ ಕೊಟ್ಟೆ.

ಮುಂದೆ ಅವನದು ಒಂದಾದ ಮೇಲೊಂದು ಕಾರಣ. ಬರ್ನರಿಗೆ ಸ್ವಲ್ಪ ಕೆಲಸವಿದೆ. ಆಫೀಸಿನಲ್ಲಿ ಬಿಡುವಿಲ್ಲ. ಮನೆ ಬದಲಾಯಿಸುತ್ತಿದ್ದೇನೆ. ಅಷ್ಟರಲ್ಲಿ ಅಜ್ಜಿಯೂ ಮೆಲ್ಬರ್ನ್ ಸೇರಿದ್ದಳು. ಒಂದು ಬೆಳಿಗ್ಗೆ ಅವನ ಫೋನು ಬಂತು, ದನಿ ಗದ್ಗದ.

"ಅಕ್ಕಾರ, ಕಳವಾತ್ರಿ. ಹೊಸ ಮನಿ ಮುಂದ ಇಳಿಸಿದ್ದೆ. ಒಳಗ ಹೋಗಿ ಬರೂದ್ರಾಗ ಯಾರೋ ಎತ್ತಿಕೊಂಡು ಹೋಗ್ಯಾರ."

ನಾನು ಅವನನ್ನು ಸಮಾಧಾನ ಮಾಡಿದೆ. ಅದು ಈಗ ನೆನಪಾದರೆ ಮೈ ಉರಿಯುತ್ತದೆ. ಲ್ಯಾಬಿನ ಕಾರ್ ಪಾರ್ಕಿನಲ್ಲಿ ನಿಂತು, "ಇರ್ಲಿ ತಮ್ಮಾ, ನೀ ಏನ್ ಮಾಡ್ತಿ, ಅಳಬ್ಯಾಡ" ಎಂದು ನಾನು ಅವನಿಗೆ ಹೇಳಿದೆ. ಆಮೇಲೆ ಅಜ್ಜಿಗೆ ಫೋನು ಮಾಡಿ ಹೇಳಿದವಳೂ ನಾನೇ. ಆಕೆ, "ಆ ಹುಡುಗನಿಗೆ ಬೇಜಾರು ಮಾಡಿಕೊಳ್ಳಬೇಡ ಅಂತ ಹೇಳು" ಎಂದಳು.

ಮರುವರ್ಷ ನನ್ನ ಮಗಳು ಮೆಲ್ಬರ್ನಿನ ಯೂನಿವರ್ಸಿಟಿ ಸೇರಿದಳು. ಅವಳನ್ನು ನೋಡಲು ಹೋಗುವ ಮೊದಲು ತಮ್ಮನಿಗೆ ಫೋನು ಮಾಡಿದೆ. ಆ ಶನಿವಾರ ಆಫೀಸು ಕೆಲಸಕ್ಕೆ ಬೆಂಡಿಗೋ ಊರಿಗೆ ಹೋಗುತ್ತಿದ್ದೇನೆ, ಸಿಗಲು ಆಗುವುದಿಲ್ಲ ಎಂದು ಬಹಳ ನೊಂದುಕೊಂಡ. ಮಗಳು ನನ್ನನ್ನು ಖುಷಿಪಡಿಸಲು ಒಂದು ಕಾರ್ಯಕ್ರಮ ಹುಡುಕಿಟ್ಟಿದ್ದಳು: ಊರಾಚೆಯ ಒಂದು ಸಬರ್ಬಿನ ಹಾಲ್‌ನಲ್ಲಿ ಹಳೆಯ ಬಾರ್ಬೆಕ್ಯೂಗಳ ಪ್ರದರ್ಶನ. "ಯೂ ವಿಲ್ ಲವ್ ಇಟ್, ಅಮ್ಮಾ" ಎಂದು ಕರೆದುಕೊಂಡು ಹೋದಳು.

ಹಾಲ್‌ನ ನಡುವೆ, ಜನ ಸುತ್ತುಗಟ್ಟಿದ್ದ ಜಾಗದಲ್ಲಿ, ಅದು ಇತ್ತು. ಕಂದು ಹೊಳೆಯುವ ಕಪ್ಪು ಬಣ್ಣ. ಹಿಂಭಾಗ ಪೊಳ್ಳಾದ ಗುಬ್ಬಿಗಳು. ಒಂದೇ ಗೀಟಿನ ಸ್ಕ್ರೂಗಳು. ಮುಂದೆ ಆ ದೊಡ್ಡ ಕಂಪನಿಯ ಹಳೆಯ ಫಲಕ. ಕಾರ್ಖಾನೆ ಮಾರಾಟಕ್ಕೆ ಬಿಡುವ ಮೊದಲು ಪರೀಕ್ಷೆಗೆಂದು ಮಾಡಿದ ಒಂದೇ ಒಂದು ಮಾದರಿ ಎಂದು ಪಕ್ಕದ ಬೋರ್ಡು ಹೇಳುತ್ತಿತ್ತು. ನಮ್ಮ ತಮ್ಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಅದನ್ನು ತಾನು ಹೇಗೆ ಗುರುತಿಸಿದೆ ಎಂದು ಜನರಿಗೆ ವಿವರಿಸುತ್ತಿದ್ದ. ಸ್ಕ್ರೂ, ಬಣ್ಣ, ಗುಬ್ಬಿ. ನಾನು ಬೇಳೆ ಕುದಿಸುತ್ತ ಹೇಳಿದ ಮಾತುಗಳೇ, ಅದೇ ಕ್ರಮದಲ್ಲಿ.

ಅವನಿನ್ನೂ ನನ್ನನ್ನು ನೋಡಿರಲಿಲ್ಲ. ನಾನು ಹಿಂದಿನಿಂದ ಹೋಗಿ ಎಡಗಡೆಯ ಕೀಲಿನ ಪಕ್ಕ ಹೆಬ್ಬೆರಳು ಆಡಿಸಿದೆ. ಬಣ್ಣದ ಕೆಳಗೆ ನನ್ನ ಅರದ ಓರೆ ಗೀರು ಸಿಕ್ಕಿತು. ಮುಚ್ಚಳ ಎತ್ತಿದೆ. ಎಲೆಯಿದ್ದ ಜಾಗ ನುಣ್ಣಗಿತ್ತು. ಅಂಗೈ ಇಟ್ಟರೆ ತಟ್ಟೆಯ ಒಳಮೈಯ ಹಾಗೆ ಸ್ವಲ್ಪ ತಗ್ಗು.

"ಬೆಂಡಿಗೋದಿಂದ ಯಾವಾಗ ಬಂದ್ಯೋ?" ಎಂದೆ.

ಅವನು ಜನರ ಕಡೆ ಒಮ್ಮೆ ನಕ್ಕು, ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. ಮಗಳೂ ಹಿಂದೆಯೇ ಬಂದಳು.

"ಅಕ್ಕಾರ, ಇಲ್ಲಿ ಬ್ಯಾಡ್ರಿ. ಆಮ್ಯಾಲ ಎಲ್ಲಾ ಹೇಳ್ತೀನಿ."

"ಎಲಿ ಎಲ್ಲಿ?"

ಅವನು ನೆಲ ನೋಡಿದ. "ಗ್ರೈಂಡರ್ ಹಚ್ಚಿದ್ನಿರಿ. ಎಲಿ ಇದ್ರ ಯಾರೋ ಮನಿಗೆ ಅಂತ ಮಾಡಿಕೊಂಡಿದ್ದು ಅನ್ನೂದು ಗೊತ್ತಾಗತಿತ್ತು. ಯಾರೂ ನಿಂತು ನೋಡ್ತಿದ್ದಿಲ್ಲ. ಈಗ ನೋಡ್ರಿ, ಎಷ್ಟು ಮಂದಿ!"

"ಕಳವಾತು ಅಂತ ಅತ್ತೆಲ್ಲೋ ನನ್ನ ಮುಂದ."

"ಏನ್ ಮಾಡ್ಲಿ ಅಕ್ಕಾರ, ಕೇಳಿದ್ರ ನೀವು ಕೊಡ್ತಿದ್ರೇನು? ಅಜ್ಜಿಗೆ ಏನ್ರಿ, ಇವತ್ತಿಂದು ನಾಳೆ ನೆನಪಿರೂದಿಲ್ಲ."

"ಆಕಿಗೆ ನೆನಪಿಲ್ಲ ಅಂತ ಯಾರು ಹೇಳಿದ್ರು ನಿನಗ? ಒಮ್ಮೆರೆ ಹೋಗಿ ನೋಡಿ ಬಂದಿಯೇನು?"

ಅವನು ಬಾರ್ಬೆಕ್ಯೂ ಕಡೆ ತಿರುಗಿದ. ಹೇಗೆ ಹೇಳಲಿ, ಅವನ ಕಣ್ಣಿನಲ್ಲಿ ಒಂದು ಬೆಳಕು ಬಂತು. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದ ಹುಡುಗನ ಮುಖದಲ್ಲಿ ಇರುವಂಥದು. "ಆದರ ನೋಡ್ರಿ, ಒಂದು ತಪ್ಪು ಹುಡುಕ್ರಿ ಇದರಾಗ. ನೀವು ಹೇಳಿಕೊಟ್ಟಂಗನ ಮಾಡೇನಿ. ಇಲ್ಲಿ ಇಷ್ಟು ವರ್ಷದಿಂದ ಇರೂವರಿಗೂ ಗೊತ್ತಾಗಿಲ್ಲ."

ನನ್ನಿಂದ ಶಭಾಸ್ ಬಯಸುತ್ತಿದ್ದ. ಕದ್ದದ್ದಕ್ಕಿಂತ, ಸುಳ್ಳು ಹೇಳಿದ್ದಕ್ಕಿಂತ ಅದು ನನ್ನನ್ನು ಹೆಚ್ಚು ಹೊಡೆಯಿತು. ಅಷ್ಟೂ ಸಂಜೆಗಳು ಅವನು ಯಾವುದಕ್ಕಾಗಿ ಕಿವಿಗೊಟ್ಟಿದ್ದ ಎಂದು ಅಲ್ಲಿ, ಸುಟ್ಟ ಈರುಳ್ಳಿಯ ವಾಸನೆ ತುಂಬಿದ ಆ ಹಾಲ್‌ನಲ್ಲಿ ನಿಂತು ನನಗೆ ಅರ್ಥವಾಯಿತು.

ಪ್ರದರ್ಶನ ನಡೆಸುತ್ತಿದ್ದ ಬಿಳಿಗಡ್ಡದ ಹಿರಿಯರೊಬ್ಬರು ಏನೋ ಗೊಂದಲವಿದೆ ಎಂದು ಹತ್ತಿರ ಬಂದರು. ನಾನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ: ಇದು ಆ ಕಂಪನಿಯದಲ್ಲ, ಇದು ಒಬ್ಬ ಹೆಂಗಸಿಗೆ ಅವಳ ಗಂಡ ಮಾಡಿಕೊಟ್ಟದ್ದು, ಒಳಗಿದ್ದ ಗುರುತನ್ನು ಇವನು ಉಜ್ಜಿ ತೆಗೆದಿದ್ದಾನೆ. ನನ್ನ ಇಂಗ್ಲಿಷು ತಡವರಿಸುತ್ತಿತ್ತು.

ತಮ್ಮ ನನ್ನ ಭುಜದ ಮೇಲೆ ಕೈಯಿಟ್ಟ. ಚೆಂದದ ಇಂಗ್ಲಿಷಿನಲ್ಲಿ, ಮೆತ್ತಗೆ, "ಇವರು ಸಿಡ್ನಿಯ ನನ್ನ ಅಕ್ಕ. ಇಂಥದೊಂದು ಕಳೆದುಕೊಂಡು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ಯಾವುದನ್ನು ನೋಡಿದರೂ ಅದೇ ಅನ್ನಿಸುತ್ತದೆ ಪಾಪ" ಎಂದ.

ಕನ್ನಡದಲ್ಲಿ ಒಪ್ಪಿಕೊಂಡದ್ದನ್ನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇಂಗ್ಲಿಷಿನಲ್ಲಿ ಅಲ್ಲಗಳೆದುಬಿಟ್ಟ. ಹಿರಿಯರು ನನ್ನನ್ನು ಕನಿಕರದಿಂದ ನೋಡಿದರು.

ಆಗ ಮಗಳು ಮುಂದೆ ಬಂದಳು. ನಾವು ಕನ್ನಡದಲ್ಲಿ ಹತ್ತು ಮಾತು ಆಡಿದರೆ ಇಂಗ್ಲಿಷಿನಲ್ಲಿ ಒಂದು ಉತ್ತರ ಕೊಡುವ ಹುಡುಗಿ. ಕನ್ನಡ ಅವಳ ಕಿವಿಯೊಳಗೆ ಎಷ್ಟು ಇಳಿದಿದೆ ಎಂದು ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಅವನಿಗಂತೂ ಗೊತ್ತಿರಲಿಲ್ಲ. ಅವನು ಹೇಳಿದ್ದನ್ನೆಲ್ಲ ಅವಳು ಮಾತಿಗೆ ಮಾತು ಇಂಗ್ಲಿಷಿನಲ್ಲಿ ಹಿರಿಯರ ಮುಂದೆ ಇಟ್ಟಳು: ಗ್ರೈಂಡರ್, ಎಲೆ, ಕೇಳಿದ್ದರೆ ಕೊಡುತ್ತಿದ್ದಿರಾ, ಅಜ್ಜಿಗೆ ನೆನಪಿರುವುದಿಲ್ಲ. ಕೊನೆಗೆ ಅವನ ಕಡೆ ತಿರುಗಿ, ನಾನು ಎಂದೂ ಕೇಳಿರದಷ್ಟು ಸ್ಪಷ್ಟವಾಗಿ, "ಮಾಮಾ, ನೀವು ಹೇಳಿದ್ರಿ. ನಾನು ಕೇಳಿದೆ" ಎಂದಳು.

ಹಿರಿಯರು ಮುಚ್ಚಳದೊಳಗೆ ಕೈ ಹಾಕಿ ಆ ತಗ್ಗನ್ನು ಮುಟ್ಟಿ ನೋಡಿದರು. ಆಮೇಲೆ ಪಕ್ಕದ ಬೋರ್ಡನ್ನು ತೆಗೆದು ಗೋಡೆಗೆ ಮುಖಮಾಡಿ ಒರಗಿಸಿದರು. ತಮ್ಮ ಯಾವ ಬಾಗಿಲಿಂದ ಹೋದ ಎಂದು ನಾನು ನೋಡಲಿಲ್ಲ.

ಅಜ್ಜಿಯ ಮಗಳಿಗೆ ಫೋನು ಮಾಡಿದೆವು. ಆಕೆ ಟ್ರೈಲರ್ ತಂದು ಅದನ್ನು ಮನೆಗೆ ಒಯ್ದಳು. ಮಾರನೆಯ ದಿನ ಭಾನುವಾರ, ಅಜ್ಜಿಯನ್ನು ಕರೆತರುವ ದಿನ. ನಾನೂ ಹೋದೆ. ಎಲ್ಲವನ್ನೂ ನಾನೇ ಹೇಳಬೇಕು ಎಂದು ಹಟಮಾಡಿ ಹೇಳಿದೆ. ಆಕೆಗೆ ಎಲ್ಲ ನೆನಪಿತ್ತು. ಅವನ ಕೈಕುಲುಕಿದ್ದು ಕೂಡ.

ಮುಚ್ಚಳ ಎತ್ತಲು ಹೇಳಿದಳು. ಒಳಗೆ ಕೈ ಹಾಕಿ ಹುಡುಕಿದಳು. ಎಲ್ಲಿ ಇತ್ತು ಎಂದು ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಗೇ ಹೋದವು, ನಿಂತವು. ನಾನು ಅತ್ತೆ. ಆಕೆ ಅಳಲಿಲ್ಲ.

"ಕಳುವಾಯಿತು ಅಂದಾಗ, ಎಲೆ ಎಲ್ಲೋ ಇದೆಯಲ್ಲ ಅಂತ ಸಮಾಧಾನ ಇತ್ತು," ಎಂದಳು. ಆಮೇಲೆ ತನ್ನ ಮಗಳ ಕಡೆ ತಿರುಗಿ, "ಈ ಮುಚ್ಚಳ ತೆಗೆದುಬಿಡು. ಕೆಳಗಿನದು ಇರಲಿ" ಎಂದಳು.

ಮಗಳು ಮುಚ್ಚಳವನ್ನು ಶೆಡ್ಡಿಗೆ ಒಯ್ದಳು. ನಾನು ಬರ್ನರ್ ಪರೀಕ್ಷೆ ಮಾಡಿದೆ. ಅವನು ಹಾಕಿದ್ದು ಒಳ್ಳೆಯ ಬರ್ನರ್, ಉರಿ ನೀಲಿಯಾಗಿ, ಸಮನಾಗಿ ಬಂತು. ಅದಕ್ಕೂ ಸಿಟ್ಟು ಬಂತು ನನಗೆ.

ಸಿಡ್ನಿ ಏರ್‌ಪೋರ್ಟಿಗೆ ಗಂಡ ಬಂದಿದ್ದರು. ಕಾರಿನಲ್ಲಿ ಕೂತ ಕೂಡಲೇ ತಡೆಯಲಾರದೆ ಎಲ್ಲ ಹೇಳಿದೆ. ಅವರು ರಸ್ತೆ ನೋಡುತ್ತಲೇ ಇದ್ದರು. ಎಲ್ಲಿಯೂ ಆಶ್ಚರ್ಯಪಡಲಿಲ್ಲ. ಅದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ನಿಮಗ ಗೊತ್ತಿತ್ತೇನ್ರಿ?"

"ಕಳವಾತು ಅಂದ ಮ್ಯಾಲ ಟೂಂಗಾಬಿಯೊಳಗ ಗೃಹಪ್ರವೇಶಕ್ಕ ಹೋಗಿದ್ನಲ್ಲ, ನಿನಗ ಅವತ್ತ ಡ್ಯೂಟಿ ಇತ್ತು. ಅವನೂ ಬಂದಿದ್ದ. ಫೋನಿನಾಗ ಯಾರಿಗೋ ಅದರ ಫೋಟೋ ತೋರಸ್ತಿದ್ದ. ನೋಡಿದ ಕೂಡ್ಲೇ ನನಗ ಗೊತ್ತಾತು." ಕನ್ನಡಿ ನೋಡಿ ಲೇನ್ ಬದಲಿಸಿದರು. "'ಅಣ್ಣಾರ, ಅಕ್ಕಾರಿಗೆ ಹೇಳಬ್ಯಾಡ್ರಿ, ಅವರ ಮನಸ್ಸಿಗೆ ಹತ್ತತೈತಿ' ಅಂದ. ನನಗೂ ಖರೆ ಅನಸ್ತು. ಹೋಗಿದ್ದು ಹೋತು. ಒಂದು ಬಾರ್ಬೆಕ್ಯೂ ಸಲುವಾಗಿ ಸಂಬಂಧ ಯಾಕ ಕೆಡಿಸ್ಕೋಬೇಕು?"

"ಅವ ಸುಳ್ಳು ಹೇಳ್ಯಾನ ಅಂತ ಗೊತ್ತಿದ್ದೂ, ನಾ ದಿನಾ ಅವನ ಜೋಡಿ ಮಾತಾಡೂದು ನೋಡಿಕೋತ ಕುಂತಿದ್ರಿ?"

"ನೀ ನಕ್ಕೋತ ಮಾತಾಡ್ತಿದ್ದಿ," ಎಂದರು. "ಅದನ್ನ ಯಾಕ ಕೆಡಸ್ಲಿ ಅಂತ."

ಅವರು ಕೆಟ್ಟವರಲ್ಲ. ಅದನ್ನು ನಾನು ಅವತ್ತೂ ಬಲ್ಲೆ, ಇವತ್ತೂ ಬಲ್ಲೆ. ಆದರೆ ನನ್ನ ಅಡಿಗೆಮನೆಯಲ್ಲಿ ನಾನು ಒಬ್ಬ ಸುಳ್ಳುಗಾರನ ಜೊತೆ ನಗುತ್ತ ನಿಂತಿದ್ದಾಗ, ಮುಂದಿನ ಕೋಣೆಯಲ್ಲಿ ಕೂತ ಮನುಷ್ಯನಿಗೆ ಅದು ಗೊತ್ತಿತ್ತು. ತಮ್ಮ ಎಂದುಕೊಂಡವನು ಮಾಡಿದ್ದನ್ನು ನಾಲ್ಕು ಜನರ ಮುಂದೆ ಹೇಳಿ ಅಳಬಹುದು. ಇದನ್ನು ಯಾರಿಗೆ ಹೇಳುವುದು?

ನಮ್ಮವರಲ್ಲಿ ಸುದ್ದಿ ಹರಡಿತು. ಅವನು ಹಾಗೆ ಮಾಡಬಾರದಿತ್ತು ಎಂದವರು ಕೆಲವರು. ಪರವೂರಿನಲ್ಲಿ ಬಿಳಿಯರ ಮುಂದೆ ನಮ್ಮ ಹುಡುಗನ ಮಾನ ಕಳೆಯಬಾರದಿತ್ತು ಎಂದವರೇ ಹೆಚ್ಚು. ಯುಗಾದಿಗೆ ಅವನಿಂದ ಶುಭಾಶಯ ಬಂತು, ಎಲ್ಲರಿಗೂ ಕಳಿಸುವ ಹೂವಿನ ಚಿತ್ರ, ಕೆಳಗೆ "ಅಕ್ಕಾರ" ಎಂದಷ್ಟೇ ಬರೆದಿದ್ದ. ನಾನು ಉತ್ತರಿಸಲಿಲ್ಲ. ಅಳಿಸಿಯೂ ಹಾಕಿಲ್ಲ.

ಅಜ್ಜಿಯ ಮಗಳು ಆಗಾಗ ಫೋಟೋ ಕಳಿಸುತ್ತಾಳೆ. ಮುಚ್ಚಳವಿಲ್ಲದ ಬಾರ್ಬೆಕ್ಯೂ, ಅದರ ಪಕ್ಕ ಕಂಬಳಿ ಹೊದ್ದು ಕೂತ ಅಜ್ಜಿ. ನನ್ನ ಮಗಳು ರಜೆಗೆ ಮನೆಗೆ ಬಂದರೆ ಈಗ ಒಂದೆರಡು ಮಾತು ಕನ್ನಡದಲ್ಲೇ ಆಡುತ್ತಾಳೆ, ನಾವು ಹೊಗಳಿದರೆ ನಿಲ್ಲಿಸಿಬಿಡುತ್ತಾಳೆ ಎಂದು ಸುಮ್ಮನಿರುತ್ತೇವೆ.

ನಾನು ಕೆಲಸ ಬಿಟ್ಟಿಲ್ಲ. ಆನ್‌ಲೈನ್ ಗುಂಪು ಬಿಟ್ಟೆ. ಸದ್ಯ ಗ್ಯಾರೇಜಿನಲ್ಲಿ ಸಿಡ್ನಿಯದೇ ಲಿವರ್‌ಪೂಲಿನಿಂದ ತಂದ ಒಂದು ಇದೆ, ಹಾಟ್‌ಪ್ಲೇಟ್ ಕೆಳಗೆ ಲಾವಾ ಕಲ್ಲು ತುಂಬುವ ಜಾತಿಯದು. ಗಂಡ ಈಗೀಗ ಚಹಾ ತೆಗೆದುಕೊಂಡು ಅಲ್ಲಿಗೆ ಬರುತ್ತಾರೆ. ಹಿಂದೆ ಬರುತ್ತಿರಲಿಲ್ಲ. ಕಪ್ಪನ್ನು ಬೆಂಚಿನ ಮೇಲಿಟ್ಟು, ಸ್ವಲ್ಪ ಹೊತ್ತು ನಿಂತು, "ಇದು ಯಾವ ಕಾಲದ್ದು?" ಎಂದು ಕೇಳುತ್ತಾರೆ.

ಯಾವ ಕಾಲದ್ದು ಎಂದು ಹೇಳುತ್ತೇನೆ. "ಹೆಂಗ ಗೊತ್ತಾತು?" ಎಂದು ಕೇಳಿದರೆ ಅದನ್ನು ಹೇಳದೆ ಬ್ರಷ್ ಎತ್ತಿಕೊಂಡು ತಿಕ್ಕಲು ಶುರುಮಾಡುತ್ತೇನೆ.